ರಾಜಮತಿ ಕಾಕೂಗೆ ಮಾತು ಹೆಚ್ಚಿದ ಬೇಸಿಗೆ

ಕಾಗವಾಡ ದಾಟಿ ಮಿರಜ ರಸ್ತೆಗೆ ಬಿದ್ದರೆ ಎಡಕ್ಕೆ ಬಾಪುಸಾಹೇಬ ಚೌಗಲಾನ ದ್ರಾಕ್ಷಿ ತೋಟ. ತೋಟದ ತುದಿಗೆ ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡು. ಬೇಸಿಗೆ ಬಂತೆಂದರೆ ಊರಿನ ಹೆಣ್ಣುಮಕ್ಕಳು ಅಲ್ಲಿ ಸಾಲಾಗಿ ಕೂತು, ಒಣಗಿದ ಹಣ್ಣಿನ ಕಡ್ಡಿ ಬಿಡಿಸಿ, ಹಸಿರು ಬೇರೆ, ಕಂದು ಬೇರೆ ಮಾಡುತ್ತಾರೆ. ಅಷ್ಟು ಜನ ದಿನವಿಡೀ ಒಂದೇ ಸೂರಿನ ಕೆಳಗೆ ಕೂತರೆ ಮಾತಿಗೆ ಮಾತು ಹತ್ತುವುದು ಇದ್ದದ್ದೇ. ಹತ್ತಿದ ಮಾತು ಆರದಿದ್ದರೆ ಯಾರಾದರೂ ಒಬ್ಬರು, "ನಡೀರಿ, ರಾಜಮತಿ ಕಾಕೂ ಕಡೆ ಹೋಗೂಣು" ಎನ್ನುತ್ತಿದ್ದರು.

ರಾಜಮತಿ ಬಾಪುಸಾಹೇಬನ ಹೆಂಡತಿ, ಊರಿಗೆಲ್ಲ ಕಾಕೂ, ಅಂದರೆ ಚಿಕ್ಕಮ್ಮ. ಶಿರಗುಪ್ಪಿಯ ತವರಿನಿಂದ ಬಂದು ಈ ಮನೆ ತುಂಬಿದ ದಿನದಿಂದ ಅವಳು ಧ್ವನಿ ಏರಿಸಿದ್ದನ್ನು ಕೇಳಿದವರಿಲ್ಲ. ಜಗಳ ಹೊತ್ತು ಬಂದವರನ್ನು ಕಟ್ಟೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ತಾನು ಎದುರಿಗೆ ಕೂತು ಬಳೆ ತಿರುವುತ್ತ ಕೇಳುತ್ತಿದ್ದಳು. ಈಕೆಯದು ಮುಗಿಯಿತೇ, ಆಕೆಯದು. ಆಕೆಯದು ಮುಗಿಯಿತೇ, ಇನ್ನೊಮ್ಮೆ ಈಕೆಯದು. ನಡುವೆ ಅವಳಿಂದ "ಹೂಂ" ಬಿಟ್ಟರೆ ಇನ್ನೊಂದು ಶಬ್ದವಿಲ್ಲ. ಹೇಳಿ ಹೇಳಿ ದಣಿದ ಇಬ್ಬರೂ ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಎದ್ದುಹೋಗುತ್ತಿದ್ದರು. ಬಾಪುಸಾಹೇಬ ಇದಕ್ಕೆ ಪೂರ್ತಿ ವಿರುದ್ಧ. ನಿದ್ದೆಯಲ್ಲಿದ್ದಾಗ ಮಾತ್ರ ಅವನ ಬಾಯಿಗೆ ಬಿಡುವು. "ನಮ್ಮ ಮನ್ಯಾಗ ಮಾತಾಡೂ ಖಾತೆ ನಂದು, ಸುಮ್ಮನಿರೂ ಖಾತೆ ಆಕೀದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಹೀಗಿದ್ದ ಸಂಸಾರದಲ್ಲಿ ಖಾತೆ ಅದಲುಬದಲಾದದ್ದು ಹೋದ ವರ್ಷದ ಬೇಸಿಗೆಯಲ್ಲಿ.

ಮೊದಲು ಬಂದದ್ದು ಸೆಕೆ. ಶಿವರಾತ್ರಿ ಆಗಿತ್ತಷ್ಟೆ, ಬೆಳಗಿನ ಹೊತ್ತು ಉಳಿದವರು ಇನ್ನೂ ಹೊದ್ದುಕೊಳ್ಳುತ್ತಿದ್ದರು. ರಾಜಮತಿ ಮಾತ್ರ ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೂರುತ್ತಿದ್ದಳು. ಆಮೇಲೆ ಹಸಿವು. ಒಂದು ಜೋಳದ ಭಕ್ಕರಿ ತಿನ್ನುತ್ತಿದ್ದವಳು ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದಳು. ತಿಂದದ್ದು ಎಲ್ಲಿ ಹೋಗುತ್ತಿತ್ತೋ, ಮೈ ಮಾತ್ರ ಇಳಿಯುತ್ತ ಬಂತು. ಬಳೆಗಳು ಮೊಣಕೈವರೆಗೆ ಜಾರಾಡತೊಡಗಿದವು, ಕುಪ್ಪಸಗಳಿಗೆಲ್ಲ ಹೊಲಿಗೆ ಹಾಕಿಸಬೇಕಾಯಿತು. ಬಸದಿಯಲ್ಲಿ ಭೇಟಿಯಾದ ಹೆಂಗಸರು, "ಎಷ್ಟ ಸಣ್ಣ ಆಗೀರಿ ಕಾಕೂ, ಏನ ಮಾಡೀರಿ, ನಮಗೂ ಹೇಳ್ರಿ" ಎಂದು ಕಿವಿಯಲ್ಲಿ ಕೇಳಿದರು. ರಾಜಮತಿಗೆ ಒಳಗೊಳಗೆ ಹಿಗ್ಗೇ ಆಯಿತು.

ಅದರ ಹಿಂದೆಯೇ ಮಾತು ಬಂತು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಇಬ್ಬರು ಹೆಂಗಸರು ಕೂರುವ ಜಾಗಕ್ಕೆ ಜಗಳ ತೆಗೆದು ಅವಳ ಮುಂದೆ ಬಂದು ನಿಂತರು. ಎಂದಿನಂತೆ ಮಜ್ಜಿಗೆ ಸಿಗುತ್ತದೆ ಎಂದುಕೊಂಡಿದ್ದರು. ರಾಜಮತಿ ಮೊದಲನೆಯವಳ ಮಾತು ಅರ್ಧಕ್ಕೇ ಕತ್ತರಿಸಿ, ಇಬ್ಬರಿಗೂ ಬುದ್ಧಿ ಹೇಳಿದಳು. ಅಲ್ಲಿಗೇ ನಿಲ್ಲದೆ, ನೋಡುತ್ತ ನಿಂತವರಿಗೆ ಹೇಳಿದಳು. ಮೊಬೈಲಿನಲ್ಲಿ ಹಾಡು ಹಚ್ಚಿದ್ದವಳಿಗೆ ಹೇಳಿದಳು. ಬಾಗಿಲಲ್ಲಿ ಇಣುಕಿದ ಬಾಪುಸಾಹೇಬನಿಗೆ, ಮದುವೆಯಾದಾಗಿನಿಂದ ಹೇಳದೆ ಉಳಿದಿದ್ದನ್ನೆಲ್ಲ ಹೇಳಿದಳು. ಉಸಿರು ತೆಗೆದುಕೊಳ್ಳಲು ನಿಂತಾಗ ದುಂಡವ್ವ ಮೊದಲು ನಕ್ಕಳು, ಅವಳ ಹಿಂದೆ ಎಲ್ಲರೂ ನಕ್ಕರು.

ದುಂಡವ್ವ ಕುರಿ ಕಾಯುವ ಮಾಳಸಿದ್ದನ ಹೆಂಡತಿ. ಬೇಸಿಗೆಯಲ್ಲಿ ಶೆಡ್ಡಿನ ಕೆಲಸಕ್ಕೆ ಬರುತ್ತಿದ್ದಳು. ರಾಜಮತಿಯ ವಾರಿಗೆಯವಳು, ಮನಸ್ಸಿಗೆ ಹತ್ತಿರದವಳು. "ಅಕ್ಕಾರ, ಇಷ್ಟ ವರ್ಷ ಎಲ್ಲಿ ಇಟ್ಟಿದ್ರಿ ಈ ಬಾಯಿ?" ಎಂದು ಕೇಳಿದಳು.

ಉಗಾರ ಖುರ್ದದಲ್ಲಿ ನಡೆದ ನಿಶ್ಚಿತಾರ್ಥದಲ್ಲಂತೂ ರಾಜಮತಿ ಮೈಕನ್ನೇ ಕೈಗೆ ತೆಗೆದುಕೊಂಡಳು. ಅವಳ ತಂಗಿಯ ಮಗಳ ಸಮಾರಂಭ. ಹಿರಿಯರು ನಾಲ್ಕು ಮಾತು ಆಶೀರ್ವಾದ ಹೇಳಿ ಮುಗಿಸಿದ್ದರು. ರಾಜಮತಿ ಸರಸರನೆ ವೇದಿಕೆ ಹತ್ತಿ, "ನಮ್ಮ ಹುಡುಗಿಗೆ ಅಡಗಿ ಅಷ್ಟಕ್ಕಷ್ಟ. ಅದನ್ನ ಮುಚ್ಚಿಡೂದಿಲ್ಲ. ಆದ್ರ ನಿಮ್ಮ ಹುಡುಗಗೂ ದೇವ್ರು ಎರಡ ಕೈ ಕೊಟ್ಟಾನ, ಅವೂ ಒಲಿ ಮುಂದ ನಡೀತಾವ" ಎಂದಳು. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿ ಅವಳಿಗೆ ಇನ್ನಷ್ಟು ಹುರುಪು. ಬೀಗರ ಕಡೆಯ ಹಿರಿಯರು ಮೂಗಿಗೇರಿಸುವ ನಸಿಪುಡಿ, ಅಡುಗೆಯವನು ಸಾರಿಗೆ ಸುರಿದ ನೀರು, ಬಸದಿಯ ಕಮಿಟಿಯವರು ದುರಸ್ತಿ ಮಾಡದೆ ಬಿಟ್ಟ ನಲ್ಲಿ, ಎಲ್ಲವೂ ಬಂದುಹೋದವು. ಸೊಸೆ ಮನಿಷಾ ಮೆಲ್ಲಗೆ ಮೈಕು ಇಸಿದುಕೊಂಡು ಕೆಳಗಿಳಿಸುವ ಹೊತ್ತಿಗೆ ಮಂಟಪದ ಹಿಂದಿನ ಸಾಲಿನವರೂ ಮುಂದೆ ಬಂದು ಕೂತಿದ್ದರು. ಇಂಥ ಮಜಾ ನಿಶ್ಚಿತಾರ್ಥ ನೋಡಿಯೇ ಇಲ್ಲ ಎಂದರು ಜನ. ಆದರೆ ಮನೆಗೆ ಬಂದವಳೇ ರಾಜಮತಿ ಕಾರಣವಿಲ್ಲದೆ ಅಳಲು ಕೂತಳು. ಯಾಕೆ ಎಂದು ಕೇಳಿದರೆ ಅವಳಿಗೇ ತಿಳಿಯದು. ಎದೆಯಲ್ಲಿ ಯಾರೋ ಓಡುತ್ತಿದ್ದಾರೆ ಎನ್ನಿಸುತ್ತಿತ್ತು, ಅಷ್ಟೆ.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಯಾರಿಗೂ ಹೇಳದ ಸಂಗತಿ. ಜೈನರ ಮನೆಯ ಪದ್ಧತಿಯಂತೆ ಅವಳು ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಬಾಣಂತಿತನದಲ್ಲೂ ಮುರಿಯದ ವ್ರತ ಅದು. ಈಗ ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೇ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿ ಕೈಕಾಲು ನಡುಗುತ್ತಿದ್ದವು. ಎಷ್ಟೋ ದಿನ ಹಲ್ಲು ಕಚ್ಚಿ ತಡೆದಳು. ಒಂದು ಸಂಜೆ ತಡೆಯಲಾಗದೆ ಸಾಮಾನು ಕೋಣೆಗೆ ಹೋಗಿ, ಡಬ್ಬಿಯಿಂದ ಹುರಿದ ಶೇಂಗಾ, ಬೆಲ್ಲ ತೆಗೆದು ಗಬಗಬನೆ ತಿಂದಳು. ಉಪ್ಪಿಗೆಂದು ಬಂದ ಮನಿಷಾ ದೀಪ ಹಾಕಿದಾಗ ಅತ್ತೆಯ ಮುಷ್ಟಿಯಲ್ಲಿ ಶೇಂಗಾ ಹಾಗೆಯೇ ಇತ್ತು. ಮನಿಷಾ ಉಪ್ಪು ತೆಗೆದುಕೊಂಡು ಹೋದಳು. ಮರುದಿನ ಸಂಜೆ, ಸೂರ್ಯ ಇನ್ನೂ ಮೇಲಿರುವಾಗಲೇ, ಬೇಳೆ ಹೂರಣದ ಹೋಳಿಗೆಗೆ ತುಪ್ಪ ಹಾಕಿ ಅತ್ತೆಯ ಮುಂದಿಟ್ಟಳು.

ಸೊಸೆ ಕಾಳಜಿಯಿಂದಲೇ ಇಟ್ಟಿದ್ದಳು. ರಾಜಮತಿಗೆ ಅದು ಹಂಗಿಸಿದಂತೆ ಕಂಡಿತು. ಅಂದಿನಿಂದ ಅವಳ ಕಣ್ಣು ಮನಿಷಾಳ ಬೆನ್ನು ಹತ್ತಿತು. ಯಾಕೆ ನಕ್ಕಳು, ಫೋನಿನಲ್ಲಿ ಯಾರೊಡನೆ ಪಿಸುಗುಟ್ಟಿದಳು, ಬಾಗಿಲು ಯಾಕೆ ಮುಚ್ಚಿಕೊಂಡಳು ಎಂದು. ಚಹಾ ಕುಡಿದ ಮೇಲೆ ಎದೆ ಡವಗುಟ್ಟುತ್ತದೆ, ಕೈಯಲ್ಲಿನ ಕಪ್ಪು ಸಾಸರಿನ ಮೇಲೆ ಕಟಕಟ ಎನ್ನುತ್ತದೆ ಎಂಬುದು ಒಂದು ದಿನ ಗಮನಕ್ಕೆ ಬಂತು. ಚಹಾ ಮಾಡುವವಳು ಯಾರು? ಮನಿಷಾ. ಆ ವಿಚಾರ ಒಮ್ಮೆ ತಲೆಯೊಳಗೆ ಹೊಕ್ಕಿದ್ದೇ ತಡ, ಬೇರು ಬಿಟ್ಟಿತು.

"ಆಕಿ ಚಹಾದಾಗ ಏನೋ ಹಾಕಾಕತ್ತಾಳ ದುಂಡವ್ವಾ" ಎಂದಳು.

"ಹುಚ್ಚ ಹಿಡದೈತೇನ್ರಿ ಅಕ್ಕಾರ? ಆ ಹುಡುಗಿ ಇರಿವಿ ತುಳೀಬಾರ್ದಂತ ನೋಡಿ ಹೆಜ್ಜಿ ಇಡ್ತೈತಿ."

ದುಂಡವ್ವ ಒಪ್ಪಲಿಲ್ಲವೆಂದು ರಾಜಮತಿ ಶೆಡ್ಡಿನ ಉಳಿದವರ ಮುಂದೆ ಹೇಳಿದಳು. ಬಸದಿಯ ಮೆಟ್ಟಿಲ ಮೇಲೆ ಹೇಳಿದಳು. ಊರಲ್ಲಿ ತಲೆಗೊಂದು ಮಾತು. ಈ ವಯಸ್ಸಿಗೆ ಹೆಂಗಸರಿಗೆ ಹಾಗಾಗುತ್ತದೆ ಎಂದರು ಕೆಲವರು. ದೃಷ್ಟಿ ತಾಗಿದೆ ಎಂದರು ಇನ್ನು ಕೆಲವರು. ಅತ್ತೆ ಸೊಸೆ ಅಂದಮೇಲೆ ಇದು ಎಲ್ಲರ ಮನೆ ಕಥೆ ಎಂದು ಮತ್ತೊಬ್ಬರು ಕೈ ಕೊಡವಿದರು. ಪೇಟೆಯ ಡಾಕ್ಟರೊಬ್ಬರು ಬಾಗಿಲಲ್ಲಿ ನಿಂತಿದ್ದ ಪೇಷಂಟುಗಳ ಸಾಲು ನೋಡುತ್ತಲೇ ಕೇಳಿ, ಟೆನ್ಶನ್ ಎಂದು ನಿದ್ದೆ ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗಿದರೂ ಅವಳು ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಗುಡಿಸುತ್ತಿದ್ದಳು.

ಕೊನೆಗೆ ಒಂದು ಬೆಳಿಗ್ಗೆ, ಗಂಡ, ಮಗ ಇಬ್ಬರ ಎದುರಿಗೇ, ರಾಜಮತಿ ಕಪ್ಪನ್ನು ಮನಿಷಾಳ ಕಡೆ ಸರಿಸಿ, "ಮೊದಲ ನೀ ಕುಡಿ" ಎಂದಳು.

ಮನಿಷಾ ಕಪ್ಪು ಎತ್ತಿ ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟಳು. ಒಳಗೆ ಹೋಗಿ ಬ್ಯಾಗು ತುಂಬಿಕೊಂಡು ಬಂದಳು. ಅವಳ ಗಂಡ ಶೀತಲ್ ಉಗಾರದ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೊರಟು ನಿಂತಿದ್ದವನು ತಾಯಿಯ ಮುಖ ಒಮ್ಮೆ, ಹೆಂಡತಿಯ ಮುಖ ಒಮ್ಮೆ ನೋಡಿದ.

"ಅತ್ತಿ, ನಾ ರಾಯಬಾಗಕ್ಕ ತವರಮನಿಗಿ ಹೊಂಟೇನ್ರಿ. ಇನ್ಮ್ಯಾಲೆ ಚಹಾ ನೀವ ಮಾಡ್ಕೋರಿ. ಸಕ್ರಿ ಡಬ್ಬಿ, ಚಹಾಪುಡಿ ಎರಡೂ ಹೊಸಾವು ತಗೋರಿ. ಆಗೂ ಎದಿ ಬಡ್ಕೊಂಡ್ರ, ಹಾಕಿದಾಕಿ ನಾನಲ್ಲ ಅನ್ನೂದು ನಿಮಗ ತಿಳೀತೈತಿ." ಅಂಗಳ ದಾಟಿದ ಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಕಾಣಿಸಿತು.

ರಾಜಮತಿ ಹೊಸ ಚಹಾಪುಡಿ ತರಿಸಿದಳು. ಹೊಸ ಸಕ್ಕರೆ ತರಿಸಿದಳು. ಪಾತ್ರೆಯನ್ನು ಬೂದಿ ಹಾಕಿ ತಾನೇ ತಿಕ್ಕಿದಳು, ತಾನೇ ಕುದಿಸಿದಳು, ತಾನೇ ಸೋಸಿದಳು. ಕುಡಿದು ಕಟ್ಟೆಯ ಮೇಲೆ ಕೂತಳು. ಎದೆ ಡವಗುಟ್ಟಿತು. ಮರುದಿನ ಚಹಾ ಬಿಟ್ಟು ಹಾಲು ಕುಡಿದಳು. ಡವಗುಟ್ಟಿತು. ಬರೀ ನೀರು ಕುಡಿದಳು. ಆಗಲೂ ಅಷ್ಟೇ. ಒಂದು ವಾರ ಹೀಗೆ ನೋಡಿದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತುಕೊಂಡಳು. ಮೊದಲಿನಿಂದಲೂ ಅವಳದು ಎರಡೂ ಕಡೆಯ ಮಾತು ಕೇಳುವ ಜೀವ. ಈಗ ಮನಿಷಾಳ ಕಡೆಯ ಮಾತು ಕೇಳಿಸಿತು. ಚಹಾದಲ್ಲಿ ತಪ್ಪಿಲ್ಲ, ಸೊಸೆಯಲ್ಲಿ ತಪ್ಪಿಲ್ಲ. ಹಾಗಾದರೆ ಕೆಟ್ಟಿರುವುದು ನನ್ನ ತಲೆ. ಹೆದರಿಕೆಯಾಯಿತು. ಆದರೆ ಹೆದರಿಕೆಯ ಬುಡದಲ್ಲಿ ಒಂದು ಸಮಾಧಾನವೂ ಇತ್ತು. ಸೊಸೆ ಕೆಟ್ಟವಳಾಗಿರುವುದಕ್ಕಿಂತ ತನ್ನ ತಲೆ ಕೆಟ್ಟಿರುವುದೇ ಅವಳಿಗೆ ಹಗುರ ಅನ್ನಿಸಿತು.

ಬಾಪುಸಾಹೇಬ ಊಟಕ್ಕೆ ಕೂತಾಗ ಹೇಳಿದಳು. "ಏನ್ರೀ, ನನ್ನ ಮಿರಜಕ್ಕ ಕರ್ಕೊಂಡ ಹೋಗ್ರಿ. ತಲೀ ಡಾಕ್ಟರ್ ಕಡೆ."

ಬಾಪುಸಾಹೇಬ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. "ಹುಚ್ಚರ ಡಾಕ್ಟರ್ ಕಡೆನ? ಊರಾಗ ಜನ ಏನಂದಾರು?"

"ಈಗ ಅನ್ನಾಕತ್ತಾರಲ್ಲ, ಅದಕ್ಕಿಂತ ಇನ್ನೇನ ಅಂದಾರು?"

ಅವನು ಬಹಳ ಹೊತ್ತು ಯೋಚಿಸಿ ಉಪಾಯ ಹೇಳಿದ. ಕಾರಿನ ಗಾಜು ಏರಿಸಿಕೊಂಡು ಹೋಗುವುದು, ಯಾರಾದರೂ ಕೇಳಿದರೆ ಬೀಗರ ಮನೆಗೆ ಎನ್ನುವುದು. ಮರುದಿನ ಅವನು ಕಾರು ತೊಳೆಯುತ್ತಿರುವಾಗಲೇ ರಾಜಮತಿ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟಳು. ಆ ದಿನಗಳಲ್ಲಿ ಅವಳ ಕಾಲಿಗೆ ನಿಲ್ಲುವ ತಾಳ್ಮೆ ಇರಲಿಲ್ಲ. ದುಂಡವ್ವ ದಾರಿಯಲ್ಲಿ ಕಂಡವಳು ಕಾರಣ ಕೇಳಿ, "ಒಬ್ರ ಹೋಗಬ್ಯಾಡ್ರಿ, ನಾನೂ ಬರ್ತೇನಿ" ಎಂದು ಜೊತೆಗೆ ಹತ್ತಿದಳು. ಬಾಪುಸಾಹೇಬ ಒದ್ದೆ ಕೈಯಲ್ಲೇ ಓಡಿಬಂದು, ಹೊರಟ ಬಸ್ಸು ನಿಲ್ಲಿಸಿ ಹತ್ತಿದ.

ಅದು ಮಹಾರಾಷ್ಟ್ರದ ಕೆಂಪು ಬಸ್ಸು. ಕಂಡಕ್ಟರು, "ಕುಠೇ?" ಎಂದು ಕೇಳಿದ.

"ಮಿರಜ. ಹುಚ್ಚರ ಡಾಕ್ಟರ್ ಕಡೆ ಹೊಂಟೇನಿ" ಎಂದಳು ರಾಜಮತಿ. ಆಗ ಅವಳಿಗೆ ಮೆಲ್ಲಗೆ ಮಾತಾಡುವುದು ಬರುತ್ತಲೇ ಇರಲಿಲ್ಲ. ಇಡೀ ಬಸ್ಸಿಗೆ ಕೇಳಿಸಿತು. ಬಾಪುಸಾಹೇಬ ಎದುರಿನವರ ಪೇಪರು ಇಸಿದುಕೊಂಡು ಅದರ ಹಿಂದೆ ಮುಖ ಮರೆಸಿದ.

ಆಮೇಲೆ ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಾಗಿ, "ಯಾವ ಡಾಕ್ಟರ್ರಿ ಅಕ್ಕಾರ? ನಮ್ಮ ಮನಿಯವರು ಒಂದ ವರ್ಷಾತು, ಒಬ್ರ ಕುಂತು ಗ್ವಾಡಿ ನೋಡ್ತಾರ" ಎಂದಳು. ಆಚೆ ಕಡೆಯ ಮುದುಕ ತನಗೆ ಮಳೆಗಾಲದಲ್ಲಿ ಬದುಕೇ ಬೇಡ ಅನ್ನಿಸುತ್ತದೆ, ಬೇಸಿಗೆಗೆ ಸರಿಹೋಗುತ್ತದೆ ಎಂದ. ಕಾಲೇಜಿಗೆ ಹೊರಟಿದ್ದ ಹುಡುಗಿಯೊಬ್ಬಳು ಪರೀಕ್ಷೆ ಹತ್ತಿರ ಬಂದರೆ ಉಸಿರು ಸಿಕ್ಕಿಹಾಕಿಕೊಳ್ಳುವುದನ್ನು ಹೇಳಿದಳು. ಕಂಡಕ್ಟರು ಟಿಕೆಟ್ ಹರಿಯುವುದು ಬಿಟ್ಟು ಕಂಬಕ್ಕೆ ಒರಗಿ, ಬಾಗಿಲು ಹಾಕಿದೆನೋ ಇಲ್ಲವೋ ಎಂದು ತಾನು ಮನೆಗೆ ವಾಪಸು ಹೋಗಿ ಹೋಗಿ ನೋಡುವ ಸಂಗತಿಯನ್ನು ಮರಾಠಿಯಲ್ಲಿ ಹೇಳಿದ. ಮಿರಜ ಬರುವ ಹೊತ್ತಿಗೆ ಬಾಪುಸಾಹೇಬನ ಪೇಪರು ಮಡಿಚಿ ತೊಡೆಯ ಮೇಲಿತ್ತು. ಇಷ್ಟು ಜನ ಇಷ್ಟೆಲ್ಲ ಹೊತ್ತುಕೊಂಡು ಓಡಾಡುತ್ತಾರೆಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಡಾಕ್ಟರ್ ನೀಲಮ ನಲವತ್ತರ ಆಸುಪಾಸಿನವರು, ನಿಪ್ಪಾಣಿ ಕಡೆಯವರು. ಅವರ ಕನ್ನಡಕ್ಕೆ ಮರಾಠಿಯ ಎಳೆತವಿತ್ತು. "ಬರ್ರಿ ಕಾಕೂ, ಏನಾಗೈತಿ ಹೇಳ್ರಿ" ಎಂದರು. ರಾಜಮತಿ ಹೇಳಿದಳು. ಸೆಕೆಯಿಂದ ಶುರು ಮಾಡಿ, ಶೆಡ್ಡು, ಉಗಾರದ ಮೈಕು, ಅಳು, ಸೊಸೆ, ಚಹಾ, ಒಂದರ ಮೇಲೊಂದು ಬಂದವು. ಡಾಕ್ಟರು ತಡೆಯಲಿಲ್ಲ. ಆದರೆ ಅವರ ಕಣ್ಣು ಅವಳ ಮುಖದ ಮೇಲೆ ಇರಲಿಲ್ಲ, ಅವಳ ಬೆರಳುಗಳ ಮೇಲಿತ್ತು, ಆಮೇಲೆ ಕುತ್ತಿಗೆಯ ಮೇಲೆ. ನಡುವೆ ಎದ್ದು ಬಂದು ಅಂಗೈ ಮುಟ್ಟಿದರು. ಅದು ಬಿಸಿಯಾಗಿ, ಒದ್ದೆಯಾಗಿತ್ತು. ಮುಂಗೈ ಹಿಡಿದು ನಾಡಿ ಎಣಿಸಿದರು.

"ಎರಡೂ ಕೈ ಮುಂದ ಚಾಚ್ರಿ ಕಾಕೂ. ಬೆರಳ ಬಿಡಿಸಿ."

ಚಾಚಿದ ಬೆರಳುಗಳ ಮೇಲೆ ಒಂದು ತೆಳ್ಳನೆಯ ಕಾಗದ ಇಟ್ಟರು. ಕಾಗದ ಗಾಳಿಗೆ ಸಿಕ್ಕ ಎಲೆಯಂತೆ ಪಟಪಟ ನಡುಗಿತು. ಒಂದು ಲೋಟ ನೀರು ಕೊಟ್ಟು, ತಲೆ ಸ್ವಲ್ಪ ಮೇಲೆತ್ತಿ ನುಂಗಲು ಹೇಳಿ, ಕುತ್ತಿಗೆಯ ಮುಂಭಾಗ ಮೇಲೆ ಕೆಳಗೆ ಆಡುವುದನ್ನು ನೋಡಿದರು. ಹಿಂದೆ ನಿಂತು ಬೆರಳಿಂದ ಮುಟ್ಟಿ ನೋಡಿದರು. ಎಷ್ಟು ತೂಕ ಇಳಿದಿದೆ, ಹೊಟ್ಟೆ ಪದೇ ಪದೇ ಹೋಗುತ್ತದೆಯೇ, ತಾಯಿಗೆ ಅಥವಾ ಅಕ್ಕತಂಗಿಯರಿಗೆ ಕುತ್ತಿಗೆಯ ಬಾವು ಇತ್ತೇ ಎಂದು ಕೇಳಿದರು. ಶಿರಗುಪ್ಪಿಯ ತಾಯಿಗೆ ಇತ್ತು ಎಂದಳು ರಾಜಮತಿ. ತಲೆಯ ಡಾಕ್ಟರು ತಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡುವುದು ಅವಳಿಗೆ ವಿಚಿತ್ರವಾಗಿ ಕಂಡಿತು.

ನೀಲಮ ಕುರ್ಚಿಗೆ ಮರಳಿ, "ರಕ್ತ ತೋರ್ಸೂತನಾ ನಾ ಖಾತ್ರಿ ಹೇಳೂದಿಲ್ಲ. ಆದ್ರ ನನಗ ಸಂಶಯ ಇರೂದು ನಿಮ್ಮ ಕುತ್ತಿಗಿ ಮ್ಯಾಲ" ಎಂದರು.

ಬಾಪುಸಾಹೇಬನ ಮುಖ ಸಪ್ಪಗಾಯಿತು. "ಕುತ್ತಿಗಿ ಮ್ಯಾಲ ಇರೂದು ತಲೀನ ಅಲ್ರಿ ಮೇಡಮ್?"

ಡಾಕ್ಟರು ನಕ್ಕರು. ದುಂಡವ್ವ ಅದಕ್ಕಿಂತ ಜೋರಾಗಿ ನಕ್ಕಳು. ಗಂಟಲ ಮುಂದೆ ಥೈರಾಯ್ಡ್ ಎಂಬ ಸಣ್ಣ ಗ್ರಂಥಿ ಇದೆ, ಮೈಯ ಕೆಲಸ ಎಷ್ಟು ಜೋರು ನಡೆಯಬೇಕು ಎಂಬುದನ್ನು ಅದರ ರಸ ಹೇಳುತ್ತದೆ ಎಂದು ನೀಲಮ ವಿವರಿಸಿದರು. "ನಿಮ್ಮ ತ್ವಾಟದಾಗ ಮೋಟರ್ ಚಾಲೂ ಮಾಡಿ ಬಂದ್ ಮಾಡೂದ ಮರ್ತ್ರ ಏನಾಕ್ಕೈತಿ? ಬಳ್ಳಿಗಿ ಬೇಕೋ ಬ್ಯಾಡೋ, ನೀರು ಹರಕೊಂತನ ಇರ್ತೈತಿ. ಹಂಗ ಇದು. ಎದಿ ಓಡ್ತೈತಿ, ಹಸಿವಿ ಓಡ್ತೈತಿ, ಮಾತ ಓಡ್ತೈತಿ, ವಿಚಾರಾನೂ ಓಡ್ತಾವ. ಓಡೂ ವಿಚಾರ ಯಾವುದರ ಒಂದ ಕಡೆ ಹೋಗಿ ಡಿಕ್ಕಿ ಹೊಡೀತೈತಿ. ನಿಮ್ಮದು ಸೊಸಿ ಮ್ಯಾಲ ಹೋಗಿ ಹೊಡದೈತಿ."

"ಹಂಗಾದ್ರ ನನಗ ಹುಚ್ಚ ಅಲ್ಲೇನ್ರಿ?"

"ಮನಸಿನ ಬ್ಯಾನಿ ಇದ್ರೂ ಅದು ಬ್ಯಾನೀನ ಕಾಕೂ, ನಾಚೂದೇನಿಲ್ಲ, ಅದಕ್ಕೂ ಔಷಧ ಐತಿ. ಆದ್ರ ನನ್ನ ಔಷಧ ಕೊಡೂ ಮೊದಲ ಮೈಯಾಗ ಏನರ ಐತೇನು ಅಂತ ನೋಡೂದು ನನ್ನ ಕೆಲಸ. ಎಷ್ಟೋ ಸಲ ಮೈ ಕೆಟ್ಟಿರ್ತೈತಿ, ಹೆಸರು ಮನಸಿಗಿ ಬರ್ತೈತಿ."

ರಾಜಮತಿ ಸೆರಗಿನ ತುದಿ ತಿರುವಿದಳು. ಆಮೇಲೆ ಗಂಡನನ್ನೂ ದುಂಡವ್ವನನ್ನೂ ಹೊರಗೆ ಕಳಿಸಿ, ಶೇಂಗಾ ತಿಂದದ್ದನ್ನು ಹೇಳಿದಳು. ಒಂದು ಸಂಜೆ ಅಲ್ಲ, ಆಮೇಲೆ ಎಷ್ಟೋ ಸಂಜೆ. ಜೀವಮಾನದ ವ್ರತ ಕೈಯಾರೆ ಮುರಿದೆ, ಅದಕ್ಕೇ ಬುದ್ಧಿ ಹೀಗಾಯಿತು ಎಂದು ತಾನು ನಂಬಿದ್ದನ್ನೂ ಹೇಳಿದಳು. ಇಷ್ಟು ಹೊತ್ತು ಭೋರ್ಗರೆದ ಮಾತು ಅಲ್ಲಿ ಮಾತ್ರ ತಡವರಿಸಿತು.

ನೀಲಮ ಅವಳ ಬಿಸಿ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. "ನಾಲಿಗಿ ಚಪಲಕ್ಕ ತಿಂದಿದ್ದಲ್ಲ ಅದು. ಮೈ ಉರದು ಬೂದಿ ಆಗಾಕತ್ತಿತ್ತು, ಕಟಗಿ ಕೇಳ್ತು. ಇಷ್ಟ ದಿನ ತಡಕೊಂಡ್ರಲ್ಲ, ಅದು ದೊಡ್ಡದು."

ರಾಜಮತಿ ಅತ್ತಳು. ಈ ಸಲ ಯಾಕೆ ಅಳುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

ರಕ್ತದ ವರದಿ ಬಂದಾಗ ಸಂಶಯ ನಿಜವಾಗಿತ್ತು. ನೀಲಮ ಅವಳನ್ನು ಅದೇ ಓಣಿಯಲ್ಲಿ ಥೈರಾಯ್ಡ್ ಕಾಯಿಲೆ ನೋಡುವ ಇನ್ನೊಬ್ಬ ಡಾಕ್ಟರ ಕಡೆ ಕಳಿಸಿದರು. ಗ್ರಂಥಿಯ ಆರ್ಭಟ ಇಳಿಸಲು ಒಂದು ಗುಳಿಗೆ, ಎದೆಯ ಓಟ ತಡೆಯಲು ಇನ್ನೊಂದು. ಅವಸರ ಮಾಡಬೇಡಿ, ವಾರಗಟ್ಟಲೆ ಬೇಕು, ನಡುನಡುವೆ ರಕ್ತ ತೋರಿಸುತ್ತಿರಬೇಕು, ಆರಾಮ ಅನ್ನಿಸಿತೆಂದು ನೀವೇ ಬಿಡಬೇಡಿ ಎಂದರು.

ಎದೆ ಕೆಲವು ದಿನಕ್ಕೇ ಹದಕ್ಕೆ ಬಂತು. ಆಮೇಲೆ ನಿದ್ದೆ ಬಂತು. ಒಂದು ಮುಂಜಾನೆ ಸೂರ್ಯ ಮೇಲೇರಿದ ಮೇಲೂ ಅವಳು ಮಲಗಿರುವುದು ನೋಡಿ ಬಾಪುಸಾಹೇಬ ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ. ಹಸಿವು ಇಳಿಯಿತು, ಸಂಜೆಗಳು ಮತ್ತೆ ಅವಳ ಹತೋಟಿಗೆ ಬಂದವು, ಕೆನ್ನೆ ತುಂಬಿಕೊಂಡವು. ಸಂಶಯ ಮಾತ್ರ ಎಲ್ಲಕ್ಕಿಂತ ಕೊನೆಗೆ ಹೋಯಿತು, ಹೊರಟ ನೆಂಟ ಹೊಸ್ತಿಲಲ್ಲಿ ಮತ್ತೂ ಮಾತಾಡುತ್ತ ನಿಲ್ಲುವ ಹಾಗೆ. ಅದು ಪೂರ್ತಿ ಹೋದ ದಿನ, ತಾನು ಆಡಿದ್ದೆಲ್ಲ ಒಮ್ಮೆಲೆ ನೆನಪಾಗಿ ರಾಜಮತಿ ತಲೆ ತಗ್ಗಿಸಿ ಕೂತಳು. ಮರುದಿನ ರಾಯಬಾಗಕ್ಕೆ ಹೊರಟಳು.

ಮನಿಷಾಳ ತವರಿನವರು ಕೂರಲು ಹೇಳಿದರು, ನೀರು ಕೊಟ್ಟರು. ಮನಿಷಾ ಎದುರಿಗೆ ಬಂದು ನಿಂತಳು. ಶೀತಲ್ ವಾರಕ್ಕೊಮ್ಮೆ ಬಂದುಹೋಗುತ್ತಿದ್ದುದರಿಂದ ಅವಳಿಗೆ ಎಲ್ಲ ತಿಳಿದಿತ್ತು.

"ಬ್ಯಾನಿ ಮಾತಾಡ್ತು ಅಂತ ನನಗ ಗೊತ್ತಾಗೈತ್ರಿ ಅತ್ತಿ" ಎಂದಳು. "ಆದ್ರ ಊರಾಗಿನ ಮಂದಿಗಿ ಬ್ಯಾನಿ ಕಾಣ್ಸೂದಿಲ್ಲ, ನಿಮ್ಮ ಮಾತ ಕಾಣ್ಸತೈತಿ. ನಾ ಅಲ್ಲಿ ಬಾವಿಗಿ ಹೋದ್ರ ಚಹಾದ ಸೊಸಿ ಬಂದ್ಲು ಅಂತಿದ್ರು. ಎಲ್ಲಾರ ಮುಂದ ಅಂದೀರಿ, ಇಲ್ಲ ಅಂತನೂ ಎಲ್ಲಾರ ಮುಂದ ಹೇಳ್ರಿ. ಆಮ್ಯಾಲೆ ನಾ ಬರ್ತೇನಿ."

ಅವಳು ಕೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಆದರೆ ರಾಜಮತಿಗೆ ಈಗ ಮಾತು ಮತ್ತೆ ಕಷ್ಟವಾಗಿತ್ತು. ಗುಳಿಗೆ ಅವಳಿಗೆ ಅವಳ ಮೌನವನ್ನೂ ಮರಳಿ ಕೊಟ್ಟಿತ್ತು. ದಸರೆ ಮುಗಿದು ತೋಟದಲ್ಲಿ ಬಳ್ಳಿ ಕತ್ತರಿಸುವ ಕೆಲಸ ನಡೆದಿತ್ತು. ಮಧ್ಯಾಹ್ನ ಹೆಂಗಸರೆಲ್ಲ ಬುತ್ತಿ ಬಿಚ್ಚಿಕೊಂಡು ನೆರಳಿಗೆ ಕೂತಾಗ ಅವಳು ನಡುವೆ ಹೋಗಿ ನಿಂತಳು. ಬಸದಿಯ ಮೆಟ್ಟಿಲ ಮೇಲೆ ತನ್ನ ಮಾತು ಕೇಳಿದ್ದ ಹೆಂಗಸರನ್ನೂ ಕರೆಸಿದ್ದಳು. ಸೆರಗು ಸರಿಮಾಡಿಕೊಂಡು ಹೇಳಿದಳು.

"ನಮ್ಮ ಮನಿಷಾ ಚಹಾದಾಗ ಏನೂ ಹಾಕಿಲ್ಲ. ನನ್ನ ಗಂಟಲಾಗ ಥೈರಾಯ್ಡ್ ಹೆಚ್ಚಾಗಿತ್ತು. ಅದರಿಂದ ನನಗ ಹಂಗ ಕಾಣ್ತು. ಅಂದಿದ್ದು ತಪ್ಪು. ಆ ಹುಡುಗಿ ಬಂಗಾರ." ಅಷ್ಟು ಹೇಳಿ ನಿಂತಳು.

"ಇಷ್ಟ ಏನ್ರಿ?" ಎಂದಳು ದುಂಡವ್ವ, ನಿರಾಸೆಯಿಂದ. "ನಾವು ಸಂಜೀತನಾ ನಡೀತೈತಿ ಅಂತ ಬುತ್ತಿ ಹಿಡದು ಕುಂತೇವಿ."

ಎಲ್ಲರೂ ನಕ್ಕರು. ರಾಜಮತಿಯೂ ನಕ್ಕು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಒಬ್ಬ ಹೆಂಗಸು ಪಕ್ಕಕ್ಕೆ ಸರಿದು ಬಂದು, ತನ್ನ ಅಕ್ಕನಿಗೂ ಮೂರು ತಿಂಗಳಿಂದ ಕೈ ನಡುಕ, ಸಿಟ್ಟು, ಮಿರಜದ ಡಾಕ್ಟರ ವಿಳಾಸ ಹೇಳಿ ಎಂದಳು.

ಮನಿಷಾ ದೀಪಾವಳಿಗೆ ಮೊದಲೇ ಬಂದಳು. ಬಂದ ದಿನ ಅಡುಗೆಮನೆಗೆ ಹೋಗಿ ಯಾರನ್ನೂ ಕೇಳದೆ ಒಲೆ ಹಚ್ಚಿದಳು. ಮೊದಮೊದಲು ಇಬ್ಬರೂ ತುಸು ಹುಷಾರಾಗಿ ಮಾತಾಡುತ್ತಿದ್ದರು. ಆಮೇಲೆ ಅದೂ ಮರೆತುಹೋಯಿತು. ಈಗ ರಾಜಮತಿ ಮೊದಲಿನಷ್ಟೇ ಶಾಂತಳು ಎಂದು ಊರು ಹೇಳುತ್ತದೆ. ಮನೆಯವರಿಗೆ ಗೊತ್ತು, ಪೂರ್ತಿ ಮೊದಲಿನ ಹಾಗಲ್ಲ. ಬೇಕಾದ ಕಡೆ ಒಂದು ಮಾತು ಈಗ ಬರುತ್ತದೆ. ಆ ಬೇಸಿಗೆ ಬಾಪುಸಾಹೇಬನಿಗೆ ಹೇಳಿದ್ದರಲ್ಲಿ ಬಹಳಷ್ಟು ಕಾಯಿಲೆಯದ್ದಾಗಿರಲಿಲ್ಲ, ಅದು ಅವನಿಗೂ ತಿಳಿದಿದೆ. ಅವನೀಗ ಮಾತಿನ ನಡುವೆ ಒಮ್ಮೊಮ್ಮೆ ನಿಂತು, "ನೀ ಏನಂತಿ?" ಎಂದು ಕೇಳುತ್ತಾನೆ.

ಮೊನ್ನೆ ಅತ್ತೆ ಸೊಸೆ ಇಬ್ಬರೇ ರಕ್ತ ತೋರಿಸಲು ಮಿರಜಕ್ಕೆ ಹೋಗಿದ್ದರು. ಡಾಕ್ಟರು ಗುಳಿಗೆ ಕಡಿಮೆ ಮಾಡಿದರು. ವಾಪಸು ಬರುವಾಗ ತಂಬೂರಿ ಮಾಡುವವರ ಓಣಿಯಲ್ಲಿ ಮನಿಷಾ ಒಂದು ಅಂಗಡಿಯ ಮುಂದೆ ನಿಂತಳು. ಅಂಗಡಿಯ ಮುದುಕ ಒಳಗೆ ಕರೆದು, ರಾಜಮತಿಯನ್ನು ಚಾಪೆಯ ಮೇಲೆ ಕೂರಿಸಿ, ತಂಬೂರಿಯೊಂದನ್ನು ಅವಳ ಮೈಗೆ ಒರಗಿಸಿ, ತಂತಿ ಹೇಗೆ ಮೀಟಬೇಕೆಂದು ತೋರಿಸಿದ. ಅವಳು ಮೀಟಿದಳು. ನಾದ ಬೆನ್ನೆಲುಬಿನವರೆಗೆ ಹೋಯಿತು. ಇನ್ನೊಮ್ಮೆ ಮೀಟಿದಳು, ಮತ್ತೊಮ್ಮೆ ಮೀಟಿದಳು. ಮನಿಷಾ ಪಕ್ಕದಲ್ಲಿ ಗಲ್ಲಕ್ಕೆ ಕೈಯಿಟ್ಟು ಕೂತಳು. ಕಾಗವಾಡದ ಬಸ್ಸು ಯಾವಾಗ ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಬಾಪುಸಾಹೇಬನ ಫೋನು ಬಂತು. "ಎಲ್ಲಿದ್ದೀರಿ? ಬಸ್ ಬಂದು ಹೋತಲ್ಲ."

"ಮುಂದಿನ ಬಸ್ಸಿಗಿ ಬರ್ತೇವ್ರಿ ಮಾವ" ಎಂದಳು ಮನಿಷಾ.

"ಅಲ್ಲೀತನಾ ಏನ ಮಾಡ್ತೀರಿ?"

ಮನಿಷಾ ಫೋನನ್ನು ಅತ್ತೆ ಮೀಟುತ್ತಿದ್ದ ತಂಬೂರಿಯ ಹತ್ತಿರ ಹಿಡಿದಳು.